ಪದ ಕಲಿತ ಮಗು ವಾಕ್ಯ ಬರೆಯಲಿ

(ಬಸರಾಳಿನಲ್ಲಿ ನಡೆದ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)





ಸಭೆಯಲ್ಲಿರುವ ಹಿರಿಯರೇ, ವರ್ಷವರ್ಷವೂ ಕೈಹಿಡಿದು ನಡೆಸುತ್ತಿರುವ ದಾನಿಗಳೇ, ಬಸರಾಳು ಹೋಬಳಿಯಿಂದಲೂ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದಲೂ ಕೆಲಸ ಬಿಟ್ಟು ಬಂದಿರುವ ತಂದೆ ತಾಯಂದಿರೇ, ಪ್ರೀತಿಯ ಮಕ್ಕಳೇ,

ಲೆಕ್ಕಪತ್ರವನ್ನು ಖಜಾಂಚಿಯವರು ಓದಿ ಹೇಳಿದ್ದಾರೆ. ಅದರಲ್ಲಿ ಒಂದು ಬಾಬ್ತು ಕೆಲವರ ಕಣ್ಣಿಗೆ ಬಿದ್ದಿದೆ: ನಿಘಂಟು ಮತ್ತು ನೋಟ್‌ಬುಕ್ ಖರೀದಿ. ದಾನಿಯೊಬ್ಬರು ಸಭೆಗೆ ಮುಂಚೆಯೇ ನಮ್ಮನ್ನು ಪಕ್ಕಕ್ಕೆ ಕರೆದು, "ಮಕ್ಕಳ ಫೀಸು ಕಟ್ಟಲಿ ಅಂತ ಕೊಟ್ಟ ದುಡ್ಡು. ಡಿಕ್ಷನರಿ ಯಾಕೆ ಬೇಕಿತ್ತು? ಈಗ ಎಲ್ಲಾ ಮೊಬೈಲಿನಲ್ಲೇ ಸಿಗುತ್ತಲ್ಲ?" ಎಂದು ಕೇಳಿದರು. ಕೇಳಬೇಕಾದ ಮಾತೇ. ಝಕಾತ್ ಖಾತೆಯ ಹಣ ಅರ್ಹ ಕುಟುಂಬಗಳಿಗೆ ಬಿಟ್ಟು ಬೇರೆಲ್ಲಿಗೂ ಹೋಗಿಲ್ಲ. ನಿಘಂಟುಗಳಿಗೆ ಬಳಸಿದ್ದು ಸಾಮಾನ್ಯ ದೇಣಿಗೆಯ ಹಣ. ಇಷ್ಟು ಹೇಳಿದರೆ ಲೆಕ್ಕಕ್ಕೆ ಉತ್ತರ ಕೊಟ್ಟಂತಾಯಿತು. 'ಯಾಕೆ' ಎನ್ನುವುದಕ್ಕೆ ಮಾತ್ರ ಸ್ವಲ್ಪ ಸಮಯ ಬೇಕು. ಇವತ್ತಿನ ನಮ್ಮ ಮಾತು ಅದೇ.

ನಮ್ಮ ಸಹಾಯ ಪಡೆಯುತ್ತಿದ್ದ ಒಬ್ಬ ಹುಡುಗನ ವಿಷಯ ಹೇಳುತ್ತೇವೆ. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ತಂದೆಯದು ಸಣ್ಣ ಕಿರಾಣಿ ಅಂಗಡಿ. ಹುಡುಗನಿಗೆ ಒಳ್ಳೆಯ ಅಂಕ ಬಂದಿತ್ತು. ಜಿಲ್ಲೆಯ ಹೊರಗಿನ ಒಂದು ಕಾಲೇಜಿನಿಂದ ಪತ್ರ ಬಂತು, ಇಂಗ್ಲಿಷಿನಲ್ಲಿ. 'ಯುವರ್ ಅಡ್ಮಿಷನ್ ಈಸ್ ಪ್ರೊವಿಷನಲ್' ಎಂದಿತ್ತು. ಕೆಳಗೆ, ಇಂಥ ದಿನದೊಳಗೆ ಮೂಲ ದಾಖಲೆ ಕೊಡದಿದ್ದರೆ ಸೀಟು 'ಫಾರ್ಫಿಟ್' ಆಗುತ್ತದೆ ಎಂದಿತ್ತು. ಅಡ್ಮಿಷನ್ ಎಂಬ ಪದ ಮನೆಯವರೆಲ್ಲರಿಗೂ ಗೊತ್ತು. ಪ್ರೊವಿಷನ್ ಕೂಡ ಗೊತ್ತು, ಅಂಗಡಿಯ ಬೋರ್ಡಿನ ಮೇಲೇ 'ಪ್ರಾವಿಷನ್ ಸ್ಟೋರ್' ಎಂದಿದೆ. ಹಾಗಾಗಿ ಎಲ್ಲಾ ಒದಗಿಸಿಕೊಟ್ಟಿದ್ದಾರೆ, ಸೀಟು ಸಿಕ್ಕಿತು ಎಂದು ತಿಳಿದು ಮಿಠಾಯಿ ಹಂಚಿದರು. ಫಾರ್ಫಿಟ್ ಎಂದರೇನೆಂದು ಕೇಳಲು ಯಾರಿಗೂ ತೋಚಲಿಲ್ಲ. ದಿನ ಕಳೆಯಿತು, ಸೀಟೂ ಹೋಯಿತು. 'ಪ್ರೊವಿಷನಲ್' ಎಂದರೆ ಸದ್ಯಕ್ಕೆ ಮಾತ್ರ, ತಾತ್ಕಾಲಿಕ. 'ಫಾರ್ಫಿಟ್' ಎಂದರೆ ಕೈತಪ್ಪಿ ಹೋಗುವುದು, ಹಕ್ಕು ಕಳೆದುಕೊಳ್ಳುವುದು. ಎರಡು ಪದಕ್ಕೆ ಒಂದು ವರ್ಷ ಹೋಯಿತು. ಆ ಹುಡುಗ ಈಗ ಬೇರೆ ಕಡೆ ಓದುತ್ತಿದ್ದಾನೆ, ಚೆನ್ನಾಗಿಯೇ ಓದುತ್ತಿದ್ದಾನೆ. ಆದರೆ ಆ ವರ್ಷದ ಹಾಸ್ಟೆಲಿಗೆಂದು ಎತ್ತಿಟ್ಟಿದ್ದ ಹಣ ಬೇರೆ ಖರ್ಚಿಗೆ ಹೋಗಿ ಮನೆಯವರು ಮತ್ತೆ ಸಾಲ ಮಾಡಬೇಕಾಯಿತು.

ಫೀಸು ಕಟ್ಟುವುದು ಮುಖ್ಯ, ಸರಿ. ಫೀಸು ಕಟ್ಟಿಸಿಕೊಳ್ಳುವ ಕಾಗದವನ್ನು ಓದಿ ತಿಳಿಯುವುದೂ ಅಷ್ಟೇ ಮುಖ್ಯ ಎಂದು ಆ ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಮಕ್ಕಳು ಪದ ಕಲಿಯುತ್ತಿಲ್ಲವೇ ಎಂದರೆ, ಕಲಿಯುತ್ತಿದ್ದಾರೆ. ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ 'ಸಾವಿರ ಕಠಿಣ ಇಂಗ್ಲಿಷ್ ಪದಗಳು' ಎಂಬ ಬಗೆಯ ಪುಸ್ತಕ ಕೊಂಡು, ಎಡಕ್ಕೆ ಇಂಗ್ಲಿಷ್ ಬಲಕ್ಕೆ ಕನ್ನಡ ಎಂದು ಗಿಳಿಪಾಠ ಒಪ್ಪಿಸುತ್ತಾರೆ. ಸಂದರ್ಶನದಲ್ಲಿ ಒಬ್ಬ ಹುಡುಗಿ ತನ್ನ ತಂದೆಯ ಬಗ್ಗೆ ಬರೆದಿದ್ದಳು: 'ಮೈ ಫಾದರ್ ಈಸ್ ಎ ನೊಟೋರಿಯಸ್ ಡ್ರೈವರ್ ಇನ್ ಅವರ್ ವಿಲೇಜ್.' ಪಾಪ, ಊರಿಗೆಲ್ಲ ಬೇಕಾದ ಮನುಷ್ಯ. ಅವಳು ಕಲಿತ ಪುಸ್ತಕದಲ್ಲಿ ನೊಟೋರಿಯಸ್ ಎಂಬುದರ ಮುಂದೆ 'ಹೆಸರಾದ' ಎಂದು ಅಚ್ಚಾಗಿತ್ತು. 'ಕುಖ್ಯಾತ' ಎಂದಿದ್ದರೆ ಆ ಮಗು ಆ ವಾಕ್ಯ ಬರೆಯುತ್ತಲೇ ಇರಲಿಲ್ಲ. ಕನ್ನಡದಲ್ಲಿ ಪ್ರಸಿದ್ಧನಿಗೂ ಕುಖ್ಯಾತನಿಗೂ ಇರುವ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತು. ಇನ್ನೊಬ್ಬಳು ತಾಯಿಯನ್ನು ಹೊಗಳಲು ಹೋಗಿ 'ಮೈಸರ್' ಎಂದು ಬರೆದಿದ್ದಳು, ಅಂದರೆ ಜುಗ್ಗಿ. ಅವಳು ಹೇಳಬೇಕೆಂದಿದ್ದದ್ದು ಹಿತಮಿತವಾಗಿ ಸಂಸಾರ ತೂಗಿಸುವವಳು ಎಂದು. ಅದಕ್ಕೆ 'ಫ್ರೂಗಲ್' ಎಂಬ ಚೆಂದದ ಪದ ಇದೆ. ನಗು ಬಂದರೆ ನಗೋಣ. ಆದರೆ ಇದೇ ಕಾಗದ ನಾಳೆ ಬೇರೆ ಸಂಸ್ಥೆಯ ವಿದ್ಯಾರ್ಥಿವೇತನ ಸಮಿತಿಯ ಮುಂದೆ ಹೋದಾಗ ಅಲ್ಲಿ ನಗುವವರು ನಮ್ಮವರಾಗಿರುವುದಿಲ್ಲ.

ಪದದ ಅರ್ಥ ಒಂದು ಕಡೆ ಇದ್ದರೆ, ಅದರ ಸಹವಾಸ ಇನ್ನೊಂದು ಕಡೆ ಇರುತ್ತದೆ. ಇದು ನಮಗೆ ಹೊಸದಲ್ಲ. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುತ್ತೇವೆ, ಭತ್ತ ಕೊಯ್ಯುತ್ತೇವೆ, ಹುರುಳಿ ಕೀಳುತ್ತೇವೆ, ಹೂವು ಬಿಡಿಸುತ್ತೇವೆ. ನಾಲ್ಕೂ ಬೆಳೆ ಮನೆಗೆ ತರುವ ಕೆಲಸವೇ. ಹೊರಗಿನವನೊಬ್ಬ ನಿಘಂಟು ನೋಡಿಕೊಂಡು ಬಂದು 'ಹೂವು ಕಡಿದೆ, ಭತ್ತ ಬಿಡಿಸಿದೆ' ಎಂದರೆ ಏನಾಗುತ್ತದೆ? ಒಂದೊಂದು ಪದದ ಅರ್ಥವೂ ಅವನಿಗೆ ಗೊತ್ತು, ಕನ್ನಡ ಮಾತ್ರ ಗೊತ್ತಿಲ್ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಆ ಹೊರಗಿನವನ ಹಾಗೆ ನಿಂತಿದ್ದಾರೆ. ಅವರಿಗೆ ಪದದ ಜೊತೆ ವಾಕ್ಯ ಬೇಕು.

ನಿಘಂಟು ಮಾಡಿದ ದೊಡ್ಡವರಿಗೆ ಇದು ಗೊತ್ತಿತ್ತು. ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1913ರಲ್ಲಿ ಹುಟ್ಟಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರವರೆಗೆ, 107 ವರ್ಷ ಬಾಳಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ದುಡಿದವರಲ್ಲಿ ಅವರು ಮುಖ್ಯರು. 2017ರಲ್ಲಿ ಪದ್ಮಶ್ರೀ ಬಂತು. ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಎಂಬ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆಲ್ಲ ಅವರು ಉತ್ತರ ಕೊಡುತ್ತಿದ್ದುದು ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಪರಿಷತ್ತಿನ ಆ ನಿಘಂಟನ್ನು ತೆರೆದು ನೋಡಿ. ಪದ, ಅರ್ಥ, ಅದರ ಕೆಳಗೇ ಪದ ಬಳಕೆಯಾದ ಸಾಲುಗಳು: ಶಾಸನದಿಂದ, ಕಾವ್ಯದಿಂದ, ವಚನದಿಂದ. ಪ್ರಯೋಗ ತೋರಿಸದೆ ಅರ್ಥ ಹೇಳುವುದು ಸಲ್ಲದು ಎಂಬ ಶಿಸ್ತು ಅದು. ಇಂಗ್ಲಿಷಿನ ಆಕ್ಸ್‌ಫರ್ಡ್ ದೊಡ್ಡ ನಿಘಂಟೂ ಹೀಗೆಯೇ ಆದದ್ದು. ಊರೂರಿನ ಸಾಮಾನ್ಯ ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಸಂಪಾದಕ ಜೇಮ್ಸ್ ಮರ್ರೆಯವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಮೊದಲ ಭಾಗ 1884ರಲ್ಲಿ ಬಂದು ಕೆಲಸ ಮುಗಿದದ್ದು 1928ರಲ್ಲಿ.

ನಾವು ಕೊಂಡದ್ದು ಅಂಥ ದೊಡ್ಡ ನಿಘಂಟಲ್ಲ, ಕಲಿಯುವವರ ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ ಎಂಬವರು ಇಂಗ್ಲಿಷ್ ಮನೆಮಾತಲ್ಲದವರಿಗಾಗಿ 1942ರಲ್ಲಿ ಒಂದು ನಿಘಂಟು ತಂದರು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಪ್ರಕಟಿಸಿದರು. ಆ ಜಾತಿಯ ನಿಘಂಟುಗಳಲ್ಲಿ ಅರ್ಥ ಸುಲಭ ಇಂಗ್ಲಿಷಿನಲ್ಲಿರುತ್ತದೆ, ಪಕ್ಕದಲ್ಲಿ ಒಂದೆರಡು ವಾಕ್ಯ ಇರುತ್ತದೆ. ಮೊಬೈಲಿನಲ್ಲೂ ಇದು ಸಿಗುತ್ತದೆ ಎಂಬುದು ನಿಜ. ಮನೆಯಲ್ಲಿ ಒಂದೇ ಮೊಬೈಲು, ಅದು ಸಂಜೆಯವರೆಗೂ ಅಬ್ಬಾನ ಜೇಬಿನಲ್ಲಿ, ಆಮೇಲೆ ಅಣ್ಣನ ಕೈಯಲ್ಲಿ. ಹೆಣ್ಣುಮಕ್ಕಳ ಕೈಗೆ ಬರುವುದು ಯಾವಾಗ ಎಂದು ತಾಯಂದಿರನ್ನೇ ಕೇಳಿ.

ಈಗ 'ಕಠಿಣ ಪದ' ಎಂದರೆ ಯಾವುದು ಎಂಬ ಪ್ರಶ್ನೆ. ಇದರಲ್ಲಿ ಬಹಳ ಮನೆಗಳು ದುಡ್ಡನ್ನೂ ಸಮಯವನ್ನೂ ಕಳೆಯುತ್ತಿವೆ. ಯಾರೂ ಬಳಸದ, ಬಾಯಿಗೆ ಹತ್ತದ ಉದ್ದುದ್ದ ಪದ ಹೇಳಿದರೆ ಮಗು ಜಾಣ ಎಂದು ನೆಂಟರ ಮುಂದೆ ಹೇಳಿಸುವುದುಂಟು. ಅದರಿಂದ ಪರೀಕ್ಷೆಯಲ್ಲಿ ಒಂದು ಅಂಕವೂ ಬರುವುದಿಲ್ಲ. ಮೈಕೆಲ್ ವೆಸ್ಟ್ ಎಂಬ ಶಿಕ್ಷಕರು ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಓದಿಸುತ್ತ, ಯಾವ ಪದಗಳು ಹೆಚ್ಚಾಗಿ ಬೇಕಾಗುತ್ತವೆ ಎಂದು ಲೆಕ್ಕ ಹಾಕಲು ಹೊರಟವರು. ಅವರು 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದರು. ಸಾಮಾನ್ಯ ಬರಹದ ನೂರು ಪದಗಳಲ್ಲಿ ಎಂಬತ್ತರಷ್ಟು ಆ ಪಟ್ಟಿಯೊಳಗೇ ಬರುತ್ತವೆ. 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಎಂಬ ಅಧ್ಯಾಪಕಿ ಕಾಲೇಜಿನ ಪುಸ್ತಕಗಳನ್ನು ಜಾಲಾಡಿ, ಎಲ್ಲ ವಿಷಯಗಳಲ್ಲೂ ಮತ್ತೆಮತ್ತೆ ಬರುವ 570 ಪದಗಳ ಕುಟುಂಬಗಳನ್ನು ಆರಿಸಿದರು. ಅನಲೈಸ್, ಡಿರೈವ್, ಅಸ್ಯೂಮ್, ಇಂಡಿಕೇಟ್, ಕನ್ಸಿಸ್ಟ್, ಎವಿಡೆಂಟ್ ಇಂಥವು. ನಮ್ಮ ಮಕ್ಕಳಿಗೆ ಬೇಕಾದ ಮೇಲ್ಮಟ್ಟದ ಪದಗಳು ಇವೇ. ಎಷ್ಟಿವೆ ನೋಡಿ, 570 ಕುಟುಂಬ. ಸಾವಿರಗಟ್ಟಲೆ ಅಲ್ಲ.

ಹತ್ತನೆಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ಪಿಯುಸಿ ಸೈನ್ಸಿಗೆ ಸೇರಿದ ಮಕ್ಕಳನ್ನು ಕೇಳಿದರೆ ಇದು ಸರಿಯಾಗಿ ತಿಳಿಯುತ್ತದೆ. 'ದ್ಯುತಿಸಂಶ್ಲೇಷಣೆ' ಹೋಗಿ 'ಫೋಟೊಸಿಂಥೆಸಿಸ್' ಬಂದದ್ದು ಅವರಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಏಕೆಂದರೆ ಲೆಕ್ಚರರು ಅದನ್ನು ಬೋರ್ಡಿನ ಮೇಲೆ ಬರೆದು ಬಿಡಿಸಿ ಹೇಳುತ್ತಾರೆ. ಕಾಡುವುದು ಯಾರೂ ಬಿಡಿಸಿ ಹೇಳದ ಪದಗಳು: ಹೆನ್ಸ್, ನೆಗ್ಲಿಜಿಬಲ್, ಎಕ್ಸೆಪ್ಟ್, ರೆಸ್ಪೆಕ್ಟಿವ್‌ಲಿ. ಈ ಕೊನೆಯದನ್ನು ಒಬ್ಬ ಹುಡುಗ 'ಗೌರವಪೂರ್ವಕವಾಗಿ' ಎಂದು ತಿಳಿದಿದ್ದ. ರೆಸ್ಪೆಕ್ಟ್ ಎಂದರೆ ಗೌರವ ತಾನೇ? ಎರಡು ಧಾತುಗಳ ಪರಮಾಣು ಸಂಖ್ಯೆ 'ರೆಸ್ಪೆಕ್ಟಿವ್‌ಲಿ' 11 ಮತ್ತು 17 ಎಂದು ಬರೆದಿದ್ದರೆ ಅದರಲ್ಲಿ ಗೌರವ ಎಲ್ಲಿಂದ ಬಂತು ಎಂದು ಅವನಿಗೆ ಗೊಂದಲ. 'ಕ್ರಮವಾಗಿ' ಎಂದು ಹೇಳಿದ ಕೂಡಲೇ ಮುಖ ಅರಳಿತು. ಅದೇ ಸಂಜೆ ಅವನು ಬರೆದ ವಾಕ್ಯ: 'ಮೈ ಬ್ರದರ್ ಅಂಡ್ ಮೈ ಸಿಸ್ಟರ್ ಆರ್ ನೈನ್ ಅಂಡ್ ಸಿಕ್ಸ್ ಇಯರ್ಸ್ ಓಲ್ಡ್ ರೆಸ್ಪೆಕ್ಟಿವ್‌ಲಿ.' ಆ ಪದವನ್ನು ಅವನು ಇನ್ನು ಮರೆಯುವುದಿಲ್ಲ. ಮನೆಯ ಇಬ್ಬರು ಅದರೊಳಗೆ ಕೂತಿದ್ದಾರೆ.

ನಮ್ಮ ಮಕ್ಕಳ ಹತ್ತಿರ ಇಂಗ್ಲಿಷಿಗೆ ಏನೂ ಬಂಡವಾಳ ಇಲ್ಲ ಎಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಮನೆಯಲ್ಲಿ ದಖನಿ, ಬೀದಿಯಲ್ಲೂ ಶಾಲೆಯಲ್ಲೂ ಕನ್ನಡ, ಮಕ್ತಬಿನಲ್ಲಿ ಅರಬ್ಬಿ ಅಕ್ಷರ. ಎಂಟು ವರ್ಷಕ್ಕೇ ಮೂರು ಭಾಷೆಯ ಸದ್ದು ಕಿವಿಗೆ ಬಿದ್ದ ಮಕ್ಕಳಿವು. ಮಕ್ತಬ್ ಎಂಬ ಮಾತನ್ನೇ ತೆಗೆದುಕೊಳ್ಳಿ. ಕಿತಾಬ್, ಕಾತಿಬ್, ಮಕ್ತಬ್: ಮೂರರಲ್ಲೂ ಕ, ತ, ಬ ಅಕ್ಷರಗಳು, ಮೂರರಲ್ಲೂ ಬರವಣಿಗೆಯ ಸಂಬಂಧ. ಇಲ್ಮ್, ಆಲಿಮ್, ತಾಲೀಮ್ ಎಂಬುವೂ ಹಾಗೆಯೇ ಒಂದೇ ಮನೆಯವು. ಇಂಗ್ಲಿಷಿನಲ್ಲೂ ಲ್ಯಾಟಿನ್ನಿನಿಂದ ಬಂದ ಇಂಥ ಬೇರುಗಳಿವೆ. 'ಸ್ಕ್ರೈಬ್', 'ಸ್ಕ್ರಿಪ್ಟ್' ಎಂದರೆ ಬರೆಯುವುದು. ಡಾಕ್ಟರು ಬರೆದುಕೊಡುವ ಪ್ರಿಸ್ಕ್ರಿಪ್ಷನ್, ಕೈಬರಹದ ಮ್ಯಾನುಸ್ಕ್ರಿಪ್ಟ್, ಬಣ್ಣಿಸಿ ಬರೆಯುವ ಡಿಸ್ಕ್ರೈಬ್, ಹೆಸರು ಬರೆಸಿ ಚಂದಾ ಕೊಡುವ ಸಬ್‌ಸ್ಕ್ರೈಬ್. ಒಂದು ಬೇರು ಹಿಡಿದರೆ ನಾಲ್ಕು ಪದ ಕೈಗೆ ಬರುತ್ತವೆ. ಆದರೆ ಬೇರು ದಾರಿ ತೋರಿಸುತ್ತದೆ, ಮನೆ ಬಾಗಿಲವರೆಗೆ ಬಿಡುವುದಿಲ್ಲ. ಪ್ರೊವಿಷನ್ ಸ್ಟೋರಿನಿಂದ ಪ್ರೊವಿಷನಲ್ ಅಡ್ಮಿಷನ್ನಿಗೆ ಹೋದವರ ಕಥೆ ಈಗಷ್ಟೇ ಕೇಳಿದಿರಿ. ಊಹೆ ಮಾಡಿದ ಮೇಲೆ ನಿಘಂಟಿನ ವಾಕ್ಯದಲ್ಲಿ ತಾಳೆ ನೋಡಲೇಬೇಕು.

ಇನ್ನೂ ಒಂದು ಬಂಡವಾಳ ಇದೆ, ಮಕ್ಕಳಿಗೆ ಹೇಳಿದಾಗ ಬಹಳ ಖುಷಿಪಟ್ಟದ್ದು. ಮಂಡ್ಯ ಸಕ್ಕರೆಯ ನಾಡು, ಮೈಸೂರು ಸಕ್ಕರೆ ಕಂಪನಿ ಇಲ್ಲಿ ಶುರುವಾದದ್ದು 1933ರಲ್ಲಿ. ಸಂಸ್ಕೃತದ 'ಶರ್ಕರಾ' ಪಾರಸಿಯಲ್ಲಿ 'ಶಕರ್' ಆಯಿತು, ಅರಬ್ಬಿಯಲ್ಲಿ 'ಸುಕ್ಕರ್' ಆಯಿತು, ಅಲ್ಲಿಂದ ಯುರೋಪಿಗೆ ದಾಟಿ ಇಂಗ್ಲಿಷಿನ 'ಶುಗರ್' ಆಯಿತು. ಅದೇ ಶರ್ಕರಾ ದಕ್ಷಿಣದ ಕರಾವಳಿಯಲ್ಲಿ ಪೋರ್ಚುಗೀಸರ ಬಾಯಿಗೆ ಬಿದ್ದು 'ಜಾಗರಿ' ಆಗಿ, ಆಲೆಮನೆಯ ಬೆಲ್ಲಕ್ಕೆ ಇಂಗ್ಲಿಷ್ ಹೆಸರಾಗಿ ನಿಂತಿತು. ಮುಂಗಾರಿಗೆ ಇಂಗ್ಲಿಷಿನಲ್ಲಿ 'ಮಾನ್ಸೂನ್' ಎನ್ನುತ್ತಾರಲ್ಲ, ಅದು ನಮ್ಮ ಮನೆಗಳಲ್ಲಿ ದಿನಾ ಹೇಳುವ 'ಮೌಸಮ್'. ಟ್ರಸ್ಟಿನ ಖಜಾಂಚಿ, ಸರ್ಕಾರದ ಖಜಾನೆ, ಇಂಗ್ಲಿಷಿನ 'ಮ್ಯಾಗಜೀನ್' ಮೂರೂ ಕೂಡಿಡುವುದು ಎಂಬರ್ಥದ ಒಂದೇ ಅರಬ್ಬಿ ಬೇರಿನವು. ಮ್ಯಾಗಜೀನ್ ಎಂದರೆ ಮೊದಲು ಉಗ್ರಾಣ, ಆಮೇಲೆ ಬರಹಗಳ ಉಗ್ರಾಣ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯವರ ಗ್ರಂಥದ ಹೆಸರಿನಲ್ಲಿದ್ದ 'ಅಲ್ ಜಬ್ರ್' ಎಂಬುದರಿಂದ 'ಆಲ್ಜೀಬ್ರಾ' ಬಂತು, ಅವರ ಹೆಸರಿನಿಂದಲೇ 'ಆಲ್ಗರಿದಮ್' ಬಂತು. ಇನ್ನು ಸೊನ್ನೆ! ಸಂಸ್ಕೃತದ 'ಶೂನ್ಯ'ದಿಂದ ಕನ್ನಡಕ್ಕೆ 'ಸೊನ್ನೆ'. ಅದೇ ಶೂನ್ಯವನ್ನು ಅರಬರು ತಮ್ಮ ಮಾತಿನಲ್ಲಿ 'ಸಿಫ್ರ್' ಎಂದರು. ಆ ಸಿಫ್ರಿನಿಂದ ಇಂಗ್ಲಿಷಿಗೆ 'ಜೀರೊ' ಮತ್ತು 'ಸೈಫರ್' ಎರಡೂ ಬಂದವು. ನಮ್ಮ ಅಜ್ಜಿಯರು ಈಗಲೂ 'ಸಿಫರ್' ಎನ್ನುತ್ತಾರೆ. ಗಣಿತಕ್ಕೆ ಹೆದರುವ ಹುಡುಗಿಗೆ ಇಷ್ಟು ಹೇಳಿದರೆ ಹೆದರಿಕೆ ಪೂರ್ತಿ ಹೋಗುವುದಿಲ್ಲ, ಆದರೆ ಈ ಪುಸ್ತಕ ಬೇರೆಯವರದು ಎಂಬ ಭಾವನೆ ಸ್ವಲ್ಪ ಸಡಿಲವಾಗುತ್ತದೆ.

ಹಾಗೆಯೇ ಕಚೇರಿಯ ಕನ್ನಡ. ಅರ್ಜಿ, ತಾಲ್ಲೂಕು, ಜಿಲ್ಲೆ, ದಾಖಲೆ, ನಕಲು, ರಸೀದಿ, ವಕೀಲ, ಜಮೀನು. ಎಲ್ಲವೂ ಅರಬ್ಬಿ ಪಾರಸಿಯಿಂದ ಬಂದವು, ಇವತ್ತು ಯಾವ ಗೌಡರ ಮನೆಯಲ್ಲೂ ಇವು ಪರಕೀಯ ಅಲ್ಲ. ದಿನವೂ ಬಳಸಿ ಬಳಸಿ ಸ್ವಂತ ಮಾಡಿಕೊಂಡರು. ಬಳಸಿದ್ದರಿಂದಲೇ ಅವು ನಮ್ಮವಾದದ್ದು.

ನೆನಪಿಟ್ಟುಕೊಳ್ಳುವ ವಿಧಾನಕ್ಕೂ ದೂರ ಹೋಗಬೇಕಿಲ್ಲ. ಹಿಫ್ಜ್ ಮಾಡುವ ಮಕ್ಕಳು ಓದುವ ಕ್ರಮ ನಿಮಗೆ ಗೊತ್ತು. ಆ ದಿನದ ಹೊಸ ಪಾಠ ಸಬಕ್, ಇತ್ತೀಚಿನ ಪಾಠಗಳ ಪುನರಾವರ್ತನೆ ಸಬ್ಕಿ, ಹಳೆಯದೆಲ್ಲದರ ಸುತ್ತು ಮಂಜಿಲ್. ಹೊಸದನ್ನು ಕಲಿಯುತ್ತ ಹಳೆಯದನ್ನು ಬಿಟ್ಟರೆ ಉಸ್ತಾದರು ಮುಂದೆ ಹೋಗಲು ಬಿಡುವುದಿಲ್ಲ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಗಂಟೆಗಳಲ್ಲೇ ಬೇಗ ಮರೆಯುತ್ತದೆ, ಬಿಡುವು ಬಿಟ್ಟು ಮತ್ತೆಮತ್ತೆ ಓದಿದರೆ ನಿಲ್ಲುತ್ತದೆ ಎಂದು ಲೆಕ್ಕ ಸಹಿತ ತೋರಿಸಿದರು. ಉಸ್ತಾದರು ಆ ಪುಸ್ತಕ ಓದಿದವರಲ್ಲ. ಮಕ್ಕಳನ್ನು ಓದಿದವರು.

ನಾವು ಕೊಡುತ್ತಿರುವ ನೋಟ್‌ಬುಕ್ಕು ಈ ಕ್ರಮದಲ್ಲೇ ಇದೆ. ದಿನಕ್ಕೆ ಮೂರು ಪದ, ಹೆಚ್ಚು ಬೇಡ. ವರ್ಷದಲ್ಲಿ 300 ದಿನ ಬರೆದರೆ 900 ಪದ ಆಗುತ್ತದೆ. ಪದವನ್ನು ಪಟ್ಟಿಯಿಂದ ಎತ್ತಬಾರದು. ಪಾಠದಲ್ಲೋ ಪ್ರಶ್ನೆಪತ್ರಿಕೆಯಲ್ಲೋ ಬ್ಯಾಂಕಿನ ಫಾರಮಿನಲ್ಲೋ ಎದುರಾದ ಪದವನ್ನು, ಎದುರಾದ ವಾಕ್ಯದ ಸಮೇತ ಬರೆಯಬೇಕು. ಕೆಳಗೆ ನಿಘಂಟಿನ ವಾಕ್ಯ. ಅದರ ಕೆಳಗೆ ಮಗುವಿನ ಸ್ವಂತ ವಾಕ್ಯ, ತನ್ನ ಮನೆಯ, ಬೀದಿಯ, ಊರಿನ ಬಗ್ಗೆ. ಅಂಚಿನಲ್ಲಿ ಸಬ್ಕಿ, ಮಂಜಿಲ್ ಎಂದು ಎರಡು ಕಾಲಂ, ಮತ್ತೆ ಓದಿದ ದಿನ ಗುರುತು ಹಾಕಲು.

ಸ್ವಂತ ವಾಕ್ಯ ಎಂಬಲ್ಲಿ ನಾವು ಬಹಳ ಹಠ ಹಿಡಿಯುತ್ತೇವೆ. ಮಳವಳ್ಳಿ ಕಡೆಯ ಒಬ್ಬ ಹುಡುಗಿಗೆ 'ಮೆಟಮಾರ್ಫಸಿಸ್' ಬಂತು. ಪುಸ್ತಕದಲ್ಲಿ ಕಪ್ಪೆಯ ಚಿತ್ರ ಇತ್ತು. ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುವುದು, ಹಣ್ಣಾಗುವುದು, ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಕಟ್ಟುವುದು ಅವಳು ಹುಟ್ಟಿದಾಗಿನಿಂದ ನೋಡಿದ್ದು. 'ದ ಸಿಲ್ಕ್‌ವರ್ಮ್ ಅಂಡರ್‌ಗೋಸ್ ಮೆಟಮಾರ್ಫಸಿಸ್ ಇನ್‌ಸೈಡ್ ದ ಕಕೂನ್' ಎಂದು ಬರೆದಳು. 'ಅಂಡರ್‌ಗೋಸ್' ಎಂಬುದು ಅವಳಿಗೆ ನಿಘಂಟಿನ ವಾಕ್ಯದಿಂದ ಸಿಕ್ಕ ಜೊತೆಗಾರ ಪದ. ಅದಿಲ್ಲದೆ 'ಡೂಸ್ ಮೆಟಮಾರ್ಫಸಿಸ್' ಎಂದು ಬರೆಯುತ್ತಿದ್ದಳು. ನಮ್ಮೂರಿನ ಹುಡುಗನೊಬ್ಬ 'ಇಂಟ್ರಿಕೇಟ್' ಎಂಬುದಕ್ಕೆ ಬಸರಾಳಿನ ಮಲ್ಲಿಕಾರ್ಜುನ ಗುಡಿಯನ್ನು ಹಿಡಿದ. ಹೊಯ್ಸಳರ ಕಾಲದ್ದು, 1234ರಲ್ಲಿ ಕಟ್ಟಿದ್ದು. ಆ ಗೋಡೆಯ ಕೆತ್ತನೆ ನೋಡಿದವರಿಗೆ ಇಂಟ್ರಿಕೇಟ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹೊರಗಿನಿಂದ ಬರುವವರಿಗೆ ಊರು ತೋರಿಸುವಾಗ ಆ ಒಂದು ವಾಕ್ಯ ಅವನಿಗೆ ಉಪಯೋಗಕ್ಕೂ ಬಂತಂತೆ.

"ನಮಗೆ ಇಂಗ್ಲಿಷ್ ಬರಲ್ಲ, ನಾವು ಹೇಗೆ ನೋಡಿಕೊಳ್ಳೋದು?" ಎಂದು ತಾಯಂದಿರು ಕೇಳುತ್ತೀರಿ. ಬರಬೇಕಿಲ್ಲ. ರಾತ್ರಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಟ್‌ಬುಕ್ಕು ತೆರೆಸಿ, "ಕ್ಯಾ ಲಿಖ್ಯಾ ಸೋ ಬೋಲ್" ಎಂದು ಕೇಳಿ. ತಾನು ಬರೆದ ಮೂರು ವಾಕ್ಯಗಳನ್ನು ಮನೆಮಾತಿನಲ್ಲಿ ನಿಮಗೆ ಅರ್ಥವಾಗುವ ಹಾಗೆ ಹೇಳಿದರೆ ಪದ ಬಂದಿದೆ. ತಡವರಿಸಿದರೆ, ಮೇಲೆ ಕೆಳಗೆ ನೋಡಿದರೆ, ಎಲ್ಲಿಂದಲೋ ನಕಲು ಹೊಡೆದಿದ್ದಾನೆ. ಇದಕ್ಕಿಂತ ಒಳ್ಳೆಯ ಪರೀಕ್ಷಕರನ್ನು ನಾವು ಮೈಸೂರಿನಿಂದ ಕರೆಸಲಾರೆವು. ಕನ್ನಡವನ್ನೂ ಉರ್ದುವನ್ನೂ ಬಿಡಿಸಿ ಇಂಗ್ಲಿಷ್ ಕಲಿಸಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ನೊಟೋರಿಯಸ್ ಎಂದರೇನೆಂದು ತಿಳಿಯಲು ಕುಖ್ಯಾತ ಎಂಬ ಕನ್ನಡ ಪದ ಗೊತ್ತಿರಬೇಕು.

ಸ್ಪೋಕನ್ ಇಂಗ್ಲಿಷ್ ಕೋಚಿಂಗಿಗೆ ಹಣ ಕೊಡಿ ಎಂದು ಕೆಲವರು ಅರ್ಜಿ ಹಾಕಿದ್ದೀರಿ. ಸದ್ಯಕ್ಕೆ ಕೊಡುವುದಿಲ್ಲ. ಕಾರಣ ಮೇಲೆ ಹೇಳಿದ್ದೇ.

ಇನ್ನು ಈ ವರ್ಷದ ವಿದ್ಯಾರ್ಥಿವೇತನದ ಅರ್ಜಿಯ ಬಗ್ಗೆ. ಇದುವರೆಗೆ 'ಮೈ ಆಂಬಿಷನ್' ಎಂಬ ಒಂದು ಪುಟದ ಇಂಗ್ಲಿಷ್ ಪ್ರಬಂಧ ಕೇಳುತ್ತಿದ್ದೆವು. ಬರುತ್ತಿದ್ದ ಪ್ರಬಂಧಗಳಲ್ಲಿ ಬಹುಪಾಲು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದವು, ಎಲ್ಲರೂ ಡಾಕ್ಟರಾಗಿ ಬಡವರ ಸೇವೆ ಮಾಡುವವರು. ಆ ಪ್ರಬಂಧ ಇನ್ನು ಬೇಡ. ಅದರ ಬದಲು ತಾನು ಈ ವರ್ಷ ಕಲಿತ ಹತ್ತು ಪದ, ಹತ್ತು ಸ್ವಂತ ವಾಕ್ಯ, ಮಗುವಿನ ಕೈಬರಹದಲ್ಲಿ. ತಪ್ಪಿದ್ದರೆ ತಪ್ಪಿರಲಿ, ತಿದ್ದಿಸಿಕೊಂಡು ತರಬೇಡಿ. ಈ ವಾಕ್ಯಗಳಿಗೆ ಅಂಕ ಇಲ್ಲ. ವಿದ್ಯಾರ್ಥಿವೇತನ ಸಿಗುವುದು ಮನೆಯ ಪರಿಸ್ಥಿತಿ ಮತ್ತು ಓದಿನ ಶ್ರದ್ಧೆ ನೋಡಿ; ಇಂಗ್ಲಿಷ್ ಬಾರದು ಎಂಬ ಕಾರಣಕ್ಕೆ ಒಂದು ಅರ್ಜಿಯೂ ತಿರಸ್ಕೃತವಾಗುವುದಿಲ್ಲ. ಯಾವ ಮಗುವಿಗೆ ಸಂಜೆಯ ತರಗತಿ ಬೇಕು ಎಂದು ತಿಳಿಯಲಷ್ಟೇ ಇದು. ಅರ್ಜಿಯನ್ನು ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಿ ಬೇಕಾದರೂ ತುಂಬಬಹುದು.

ಅರ್ಜಿಯ ಹಿಂಬದಿಯಲ್ಲಿ ಕಾಲೇಜು, ಬ್ಯಾಂಕು, ಹಾಸ್ಟೆಲಿನ ಕಾಗದಗಳಲ್ಲಿ ಬರುವ ಪದಗಳನ್ನು ಕನ್ನಡ ವಿವರಣೆಯೊಂದಿಗೆ ಅಚ್ಚು ಹಾಕಿಸಿದ್ದೇವೆ: ಪ್ರೊವಿಷನಲ್, ಫಾರ್ಫಿಟ್, ಎಲಿಜಿಬಲ್, ಡಿಪೆಂಡೆಂಟ್, ಗಾರ್ಡಿಯನ್, ಡೊಮಿಸೈಲ್, ಅಂಡರ್‌ಟೇಕಿಂಗ್, ಅಫಿಡವಿಟ್, 'ವಿಚೆವರ್ ಈಸ್ ಅರ್ಲಿಯರ್'. ಈ ಕೊನೆಯದಕ್ಕೆ 'ಎರಡರಲ್ಲಿ ಯಾವುದು ಮೊದಲೋ ಅದು' ಎಂದರ್ಥ, ಕೊನೆಯ ದಿನಾಂಕದ ವಿಷಯದಲ್ಲಿ ಬಹಳ ಜೋಪಾನ. ಆ ಹಾಳೆಯನ್ನು ಹರಿದು ಗೋಡೆಗೆ ಅಂಟಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಯಾವ ಪತ್ರ ಬಂದರೂ ಸಹಿ ಹಾಕುವ ಮೊದಲು, ಮಿಠಾಯಿ ಹಂಚುವ ಮೊದಲು, ಟ್ರಸ್ಟಿನ ಕಚೇರಿಗೆ ತಂದು ತೋರಿಸಿ. ಪ್ರತಿದಿನ ಅಸರ್ ನಮಾಜಿನ ನಂತರ ಯಾರಾದರೊಬ್ಬರು ಇರುತ್ತೇವೆ, ಓದಿ ಹೇಳುತ್ತೇವೆ. ಯಾವ ಜಾತಿ, ಯಾವ ಧರ್ಮದ ಮಗು ಬಂದರೂ ಓದಿ ಹೇಳುತ್ತೇವೆ.

ದಾನಿಗಳಲ್ಲಿ ಒಂದು ವಿನಂತಿ. ಮನೆಯಲ್ಲಿ ಮಕ್ಕಳು ಓದಿ ಮುಗಿಸಿದ ಕಲಿಯುವವರ ನಿಘಂಟುಗಳಿದ್ದರೆ, ಹಾಳೆ ಹರಿಯದೆ ಇದ್ದರೆ, ತಂದುಕೊಡಿ. ಒಂದು ನಿಘಂಟನ್ನು ಈಗ ಇಬ್ಬರು ಮೂವರು ಹಂಚಿಕೊಂಡು ಓದುತ್ತಿದ್ದಾರೆ. ಪಿಯುಸಿ ಅಥವಾ ಡಿಗ್ರಿ ಓದುತ್ತಿರುವ ಹಳೆಯ ಫಲಾನುಭವಿಗಳು ವಾರಕ್ಕೆ ಒಂದು ಸಂಜೆ ಬಂದು ಚಿಕ್ಕ ಮಕ್ಕಳ ವಾಕ್ಯಗಳನ್ನು ನೋಡಿಕೊಟ್ಟರೆ ನಮಗೆ ದೊಡ್ಡ ಸಹಾಯ. ಇಬ್ಬರು ಹೆಣ್ಣುಮಕ್ಕಳು ಆಗಲೇ ಒಪ್ಪಿದ್ದಾರೆ.

ಅರ್ಜಿಯ ಜೊತೆಗೆ ಹಿಂದಿನ ವರ್ಷದ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಆಧಾರ್ ಪ್ರತಿ ಇರಬೇಕು. ಮೂಲ ದಾಖಲೆಗಳನ್ನು ಕೊಡಬೇಡಿ, ತೋರಿಸಿದರೆ ಸಾಕು. ನೋಟ್‌ಬುಕ್ಕುಗಳನ್ನು ಈಗ ಊಟದ ನಂತರ ಹೆಸರು ಕರೆದು ಕೊಡುತ್ತೇವೆ. ದೂರದಿಂದ ಬಂದಿರುವ ಮಳವಳ್ಳಿ ಕಡೆಯವರ ಹೆಸರು ಮೊದಲು ಕರೆಯುತ್ತೇವೆ, ಬಸ್ಸಿಗೆ ತಡವಾಗಬಾರದು.